ಸಕ್ಕರೆಯಿಲ್ಲದ ಮಿಠಾಯಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಮಿಠಾಯಿ ಅಂಗಡಿಗಳಲ್ಲಿ ಈಚೆಗೆ ಗಾಜಿನ ಬೀರುವಿನ ಒಂದು ಮೂಲೆಯನ್ನು "ಶುಗರ್ ಫ್ರೀ" ಎಂಬ ಹಲಗೆಯ ಲಾಡು ಬರ್ಫಿಗಳಿಗಾಗಿ ಮೀಸಲಿಡುವ ಪದ್ಧತಿಯು ಬೆಳೆಯುತ್ತಿದೆ. ಮಧುಮೇಹದಿಂದ ಬಳಲುವ ತಂದೆತಾಯಿಗಳಿಗಾಗಿ ಮಕ್ಕಳು ಇವನ್ನು ಹೆಚ್ಚಿನ ಬೆಲೆ ತೆತ್ತು ಕೊಂಡೊಯ್ಯುತ್ತಾರೆ. ಈ ಪ್ರೀತಿಯನ್ನು ಆಕ್ಷೇಪಿಸತಕ್ಕವರು ನಾವಲ್ಲ. ಆದರೆ ಸಕ್ಕರೆಯ ಬದಲಿಗೆ ಏನನ್ನು ಹಾಕಿದೆಯೆಂದು ಕೇಳಿದಲ್ಲಿ, "ನ್ಯಾಚುರಲ್ ಸ್ವಾಮಿ, ಏನೂ ಭಯವಿಲ್ಲ" ಎಂಬುದಕ್ಕಿಂತ ಹೆಚ್ಚಿನ ಉತ್ತರವು ದೊರೆಯುವುದು ಅಪೂರ್ವ.

ಹೀಗೆ ಬಳಸುವ ವಸ್ತುಗಳಲ್ಲಿ ಎರಿಥ್ರಿಟಾಲ್, ಜೈಲಿಟಾಲ್, ಸಾರ್ಬಿಟಾಲ್, ಮಾಲ್ಟಿಟಾಲ್ ಎಂಬುವು ಮುಖ್ಯವಾದುವು. ರಸಾಯನಶಾಸ್ತ್ರಜ್ಞರು ಇವನ್ನು ಸಕ್ಕರೆಯ ಆಲ್ಕೊಹಾಲುಗಳೆಂದು ಕರೆಯುತ್ತಾರೆ. ಪಾನನಿರೋಧದ ಪಕ್ಷಪಾತಿಗಳಾದ ವಾಚಕರು ಗಾಬರಿಗೊಳ್ಳಬೇಕಾಗಿಲ್ಲ. ಇವಕ್ಕೂ ಹೆಂಡಕ್ಕೂ ಹೆಸರಿನ ನಂಟಲ್ಲದೆ ಅಮಲಿನ ನಂಟಿಲ್ಲ. ಪೇರು, ದ್ರಾಕ್ಷಿ, ಅಣಬೆ ಮೊದಲಾದವುಗಳಲ್ಲಿ ಇವು ಅತ್ಯಲ್ಪವಾಗಿ ಇರುವುದು ನಿಜ. "ನೈಸರ್ಗಿಕ" ಎಂಬ ಬಿರುದು ಬಂದುದು ಅಲ್ಲಿಂದಲೇ. ಆದರೆ ಅಂಗಡಿಗೆ ಬರುವ ಬಿಳಿಯ ಪುಡಿಯನ್ನು ಯಾರೂ ದ್ರಾಕ್ಷಿಯನ್ನು ಹಿಂಡಿ ತೆಗೆದುದಲ್ಲ. ಮೆಕ್ಕೆಜೋಳವೇ ಮೊದಲಾದುವುಗಳ ಪಿಷ್ಟದಿಂದ ಗ್ಲೂಕೋಸನ್ನು ಮಾಡಿ, ಅದನ್ನು ಯೀಸ್ಟಿನಿಂದ ಹುದುಗಿಸಿದರೆ ಎರಿಥ್ರಿಟಾಲ್. ಅದೇ ಗ್ಲೂಕೋಸಿಗೆ ಜಲಜನಕವನ್ನು ಕೂಡಿಸಿದರೆ ಸಾರ್ಬಿಟಾಲ್. ಮಾಲ್ಟೋಸಿಗೆ ಕೂಡಿಸಿದರೆ ಮಾಲ್ಟಿಟಾಲ್. ಕಾರ್ಖಾನೆಯಲ್ಲಿ ತಯಾರಾದುದೆಂಬ ಮಾತ್ರಕ್ಕೆ ಪದಾರ್ಥವು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ೧೯೧೩ರಲ್ಲಿ ಹೆಬ್ಬಾಳದ ಕೃಷಿಶಾಲೆಗೆ ಕಾರಣರಾದ ಲೆಸ್ಲಿ ಕೋಲ್ಮನ್ನರೇ ೧೯೩೩ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿಗಾಗಿಯೂ ದುಡಿದರು. ಆ ಕಾರ್ಖಾನೆಯನ್ನು ಕಂಡು ಹೆಮ್ಮೆಪಟ್ಟ ನಾಡು ನಮ್ಮದು. ಕಾರ್ಖಾನೆಯ ಸರಕನ್ನು ತೋಟದ ಫಲವೆಂದು ಮಾರುವುದು ಮಾತ್ರ ಸಲ್ಲದು.

ಇದಕ್ಕಿಂತಲೂ ಗುರುತರವಾದ ಸಂಗತಿ ಬೇರೊಂದಿದೆ. ಈ ನಾಲ್ಕು ವಸ್ತುಗಳೂ ಒಂದೇ ಜಾತಿಯವಾದರೂ ಒಂದೇ ಗುಣದವಲ್ಲ. ಒಂದು ಗ್ರಾಂ ಸಕ್ಕರೆಯಿಂದ ಸುಮಾರು ೪ ಕ್ಯಾಲೊರಿ ದೊರೆಯುವಲ್ಲಿ ಎರಿಥ್ರಿಟಾಲಿನಿಂದ ದೊರೆಯುವುದು ೦.೨ ಮಾತ್ರ; ಅದರ ಬಹುಭಾಗವು ರಕ್ತವನ್ನು ಸೇರಿ, ಬದಲಾಗದೆ ಮೂತ್ರದಲ್ಲಿ ಹೊರಟುಹೋಗುವುದು. ಆದರೆ ಎರಿಥ್ರಿಟಾಲಿನಿಂದ ಎಳೆಪಾಕ ಹಿಡಿಯುವುದು ಸುಲಭವಲ್ಲ. ಅದು ಆರಿದೊಡನೆ ಹರಳುಗಟ್ಟುತ್ತದೆ, ನಾಲಗೆಗೆ ತಣ್ಣಗೆ ತಾಗುತ್ತದೆ, ಸಿಹಿಯೂ ಸಕ್ಕರೆಗಿಂತ ಕಡಮೆ. ಮಾಲ್ಟಿಟಾಲ್ ಹಾಗಲ್ಲ. ಸಿಹಿಯಲ್ಲಿಯೂ ಪಾಕದಲ್ಲಿಯೂ ಅದು ಸಕ್ಕರೆಯ ತಮ್ಮನಂತೆಯೇ ನಡೆದುಕೊಳ್ಳುವುದರಿಂದ ಮಿಠಾಯಿ ಮಾಡುವವರಿಗೆ ಅದು ಅಚ್ಚುಮೆಚ್ಚು. ಆದರೆ ಅದರ ಒಂದು ಗ್ರಾಮಿಗೆ ೨.೧ ಕ್ಯಾಲೊರಿ, ಕರುಳಿನಲ್ಲಿ ಒಡೆದು ಗ್ಲೂಕೋಸನ್ನು ಕೊಡುವುದರಿಂದ ರಕ್ತದ ಸಕ್ಕರೆಯನ್ನೂ, ಸಕ್ಕರೆಯಷ್ಟಲ್ಲದಿದ್ದರೂ, ಏರಿಸದೆ ಬಿಡುವುದಿಲ್ಲ. ಮೇಲಾಗಿ ಮೈಸೂರುಪಾಕಿನ ತುಪ್ಪವೂ ಕಡಲೆಹಿಟ್ಟೂ ಎಲ್ಲಿಗೂ ಹೋಗಿರುವುದಿಲ್ಲ. "ಸಕ್ಕರೆಯಿಲ್ಲ" ಎಂಬ ಒಂದೇ ಹಲಗೆಯನ್ನು ನಂಬಿ ನಾಲ್ಕು ತುಂಡು ತಿಂದ ರೋಗಿಯು ಮರುದಿನದ ರಕ್ತಪರೀಕ್ಷೆಯಲ್ಲಿ ಬೆರಗಾದರೆ ತಪ್ಪು ಯಾರದು?

ಹೊಟ್ಟೆಯ ಮಾತೂ ಉಂಟು. ಮಾಲ್ಟಿಟಾಲ್, ಸಾರ್ಬಿಟಾಲುಗಳಲ್ಲಿ ಜೀರ್ಣವಾಗದೆ ಉಳಿದ ಭಾಗವು ದೊಡ್ಡ ಕರುಳನ್ನು ಸೇರಿ ನೀರನ್ನು ಎಳೆದುಕೊಂಡು, ಅಲ್ಲಿ ಹುದುಗಿ ವಾಯುವನ್ನುಂಟುಮಾಡುತ್ತದೆ. ಶೇಕಡಾ ೧೦ ಅಥವಾ ಅದಕ್ಕೆ ಮೇಲ್ಪಟ್ಟು ಈ ಜಾತಿಯ ಸಿಹಿಯಿರುವ ಪೊಟ್ಟಣದ ಮೇಲೆ ಭೇದಿಯಾಗಬಹುದೆಂಬ ಎಚ್ಚರಿಕೆಯನ್ನು ಅಚ್ಚುಮಾಡತಕ್ಕದ್ದೆಂದು ಭಾರತದ ಆಹಾರ ಸುರಕ್ಷಾ ಪ್ರಾಧಿಕಾರದ ನಿಯಮವೇ ಇದೆ. ತೂಗಿ ಕೊಡುವ ಬಿಡಿ ಮಿಠಾಯಿಗೆ ಪೊಟ್ಟಣವೆಲ್ಲಿ? ಯಶವಂತಪುರದ ಮಂಡಿಯಲ್ಲಿ ಬೆಲ್ಲವನ್ನು ಕೊಳ್ಳುವವನು ಅಚ್ಚನ್ನು ಮುರಿದು, ಬಣ್ಣ ನೋಡಿ, ಚೂರನ್ನು ಬಾಯಿಗೆ ಹಾಕಿಕೊಂಡು ಬೆಲೆ ಕಟ್ಟುತ್ತಾನೆ. (ಬೆಲ್ಲವು ಮಧುಮೇಹಿಗೆ ಅಪಾಯವಿಲ್ಲವೆಂಬ ಭ್ರಮೆಯೂ ನಮಗೆ ಬೇಡ.) ಲಾಡುವಿನೊಳಗಿನ ಮಾಲ್ಟಿಟಾಲನ್ನು ಯಾವ ನಾಲಗೆಯೂ ಗುರುತಿಸಲಾರದು.

ಎರಿಥ್ರಿಟಾಲೂ ನಿಶ್ಚಿಂತೆಯದೆಂದು ಹೇಳುವಂತಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳೂ ಹೆಚ್ಚಾಗಿ ಕಂಡವೆಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ವೈದ್ಯರು ೨೦೨೩ರಲ್ಲಿ ಪ್ರಕಟಿಸಿದರು. ೨೦೨೪ರಲ್ಲಿ ಜೈಲಿಟಾಲನ್ನು ಕುರಿತು ಅದೇ ಮಾತನ್ನಾಡಿದರು. ನಮ್ಮ ಶರೀರವೂ ಸ್ವಲ್ಪ ಎರಿಥ್ರಿಟಾಲನ್ನು ತಾನೇ ಉತ್ಪಾದಿಸುವುದರಿಂದ, ಕಾರಣವಾವುದು ಕಾರ್ಯವಾವುದು ಎಂಬ ವಾದ ಇನ್ನೂ ಮುಗಿದಿಲ್ಲ. ವಾದವು ಮುಗಿಯುವ ತನಕ ಹೃದ್ರೋಗವುಳ್ಳವರು ವೈದ್ಯರನ್ನು ಕೇಳಿಯೇ ಬಳಸುವುದು ಲೇಸು. ಜೈಲಿಟಾಲ್ ಹಲ್ಲುಗಳನ್ನು ಹುಳುಕಿನಿಂದ ಕಾಯುತ್ತದೆಂದು ೧೯೭೦ರ ದಶಕದಲ್ಲಿಯೇ ಫಿನ್‌ಲೆಂಡಿನವರು ತೋರಿಸಿದ್ದರು. ಅದೇ ಜೈಲಿಟಾಲ್ ನಾಯಿಗಳಿಗೆ ವಿಷವೆಂಬುದನ್ನು ಸಾಕಿದವರು ಮರೆಯಬಾರದು.

ಈ ವಸ್ತುಗಳನ್ನು ಬಹಿಷ್ಕರಿಸಬೇಕೆಂಬುದು ನಮ್ಮ ವಾದವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರು ಮಧುಮೇಹಿಗಳೆಂದು ತಿಳಿಸಿತು. ಇಷ್ಟು ಜನರಿಗೆ ಹಬ್ಬದ ದಿನ ಒಂದು ತುಂಡು ಸಿಹಿಯನ್ನು ಕೊಡಬಲ್ಲ ಸಾಧನವನ್ನು ಅಲ್ಲಗಳೆಯುವುದು ನಿಷ್ಕರುಣೆಯಾದೀತು. ಆದರೆ ಬಿಡಿ ಮಿಠಾಯಿಯನ್ನು ಎಷ್ಟು ದಿನದೊಳಗೆ ತಿನ್ನಬೇಕೆಂಬುದನ್ನು ತಟ್ಟೆಯ ಮುಂದೆ ಬರೆದಿಡಬೇಕೆಂಬ ಆಜ್ಞೆಯು ೨೦೨೦ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತಷ್ಟೆ. ಅದೇ ಚೀಟಿಯಲ್ಲಿ ಇನ್ನೆರಡು ಸಾಲು ಬರೆಯುವುದು ಕಷ್ಟವೇ? ಒಂದು ಸಾಲಿನಲ್ಲಿ ಸಕ್ಕರೆಯ ಬದಲಿಗೆ ಹಾಕಿದ ವಸ್ತುವಿನ ಹೆಸರು, ಇನ್ನೊಂದರಲ್ಲಿ ತುಂಡೊಂದಕ್ಕೆ ಅದೆಷ್ಟು ಗ್ರಾಂ ಎಂಬುದು, ಎರಡೂ ಕನ್ನಡದಲ್ಲಿ. ಪ್ರಾಮಾಣಿಕರಾದ ವರ್ತಕರು ಆಜ್ಞೆಗಾಗಿ ಕಾಯದೆ ನಾಳೆಯೇ ಇದನ್ನು ಮಾಡಬಹುದು. ಉಳಿದವರ ವಿಷಯದಲ್ಲಿ ಆಹಾರ ಸುರಕ್ಷಾ ಅಧಿಕಾರಿಗಳು ಬರುವ ದೀಪಾವಳಿಗೆ ಮುಂಚೆಯೇ ಅಂಗಡಿ ಅಂಗಡಿಗೂ ಹೋಗಿ, ಆ ಮೂಲೆಯ ತಟ್ಟೆಗಳಿಂದ ಮಾದರಿಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸಬೇಕು.