ಜನರನ್ನು ಎಬ್ಬಿಸಿದ ಮೇಲೂ ಮಂಟಪ ಬಿತ್ತಲ್ಲ!

ಹಂಪಿ ನೋಡಿ ಬಂದವರದು ಈಗ ಒಂದೇ ರಾಗ. ಬಜಾರು ಖಾಲಿಯಾದ ಮೇಲೆ ಊರು ಎಷ್ಟು ಚೊಕ್ಕಟವಾಗಿದೆ, ಫೋಟೊ ತೆಗೆಯಲು ಯಾರೂ ಅಡ್ಡ ಬರುವುದಿಲ್ಲ ಎನ್ನುತ್ತಾರೆ. ಅಧಿಕಾರಿಗಳೂ ಇದನ್ನೇ ಸಾಧನೆ ಎಂದು ಹೇಳಿಕೊಳ್ಳುತ್ತಾರೆ. ಸ್ಮಾರಕ ಉಳಿಯಬೇಕಾದರೆ ಅಲ್ಲಿಂದ ಜನ ಏಳಲೇಬೇಕು ಎಂಬ ಈ ವಾದ ಕೇಳಿ ಕೇಳಿ ಸಾಕಾಗಿದೆ. ನನ್ನದು ಒಂದೇ ಪ್ರಶ್ನೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ಗುಡಿ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತಲ್ಲ, ಅದನ್ನು ಬೀಳಿಸಿದ್ದು ಯಾವ ಚಹಾದಂಗಡಿಯವನು?

ಚಹಾದಂಗಡಿಯವನು ಅಲ್ಲಿರಲೇ ಇಲ್ಲ. ಅವನನ್ನು 2011ರ ಜುಲೈ ಕೊನೆಯ ವಾರದಲ್ಲೇ ಓಡಿಸಿಯಾಗಿತ್ತು. ಕೋರ್ಟಿನ ಆದೇಶವೆಂದು ಹೇಳಿ, ಸಾಮಾನು ಸಾಗಿಸಿಕೊಳ್ಳಲು ಸರಿಯಾದ ಗಡುವನ್ನೂ ಕೊಡದೆ ಜೆಸಿಬಿ ನುಗ್ಗಿಸಿದರು. ಹಣ್ಣು-ಕಾಯಿ ಅಂಗಡಿ, ಬಳೆ ಅಂಗಡಿ, ಖಾನಾವಳಿ, ಸೈಕಲ್ ಬಾಡಿಗೆಗೆ ಕೊಡುವವರು, ಕಲ್ಲುಕಂಬಗಳ ನಡುವೆ ಸಂಸಾರ ಹೂಡಿದ್ದವರು, ಎಲ್ಲರೂ ಬೀದಿಗೆ ಬಿದ್ದರು. ಆಮೇಲೆ ದೂರದ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಪ್ರವಾಸಿಗರನ್ನೇ ನಂಬಿ ಬದುಕುವವರಿಗೆ ಪ್ರವಾಸಿಗರು ಸುಳಿಯದ ಕಡೆ ಜಾಗ ಕೊಟ್ಟು, ಅದನ್ನು ಪುನರ್ವಸತಿ ಎಂದು ಕರೆಯಲು ಯಾರಿಗೂ ನಾಚಿಕೆಯಾಗಲಿಲ್ಲ.

ಇವರು ಕಾಪಾಡಲು ಹೊರಟದ್ದಾದರೂ ಏನನ್ನು? ಆ ಬೀದಿ ಬಜಾರೇ ಆಗಿತ್ತಲ್ಲ! 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಬೆರಗಾಗಿ ಬರೆದದ್ದು ಖಾಲಿ ಕಂಬಗಳ ಬಗ್ಗೆಯಲ್ಲ. ಮುತ್ತು ರತ್ನಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದುದನ್ನು, ಗುಲಾಬಿ ಹೂವನ್ನು ಊಟದಷ್ಟೇ ಅಗತ್ಯವೆಂದು ಜನ ಕೊಳ್ಳುತ್ತಿದ್ದುದನ್ನು ಬರೆದ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್‌ ಕೂಡ ಪೇಟೆಯ ಜನಸಂದಣಿಯನ್ನು ಕಂಡೇ ದಂಗಾದ. ಈ ಹೊತ್ತು ಅವರು ಬಂದಿದ್ದರೆ ಬರೆಯಲು ಏನು ಸಿಗುತ್ತಿತ್ತು?

ಬಳಸಿದರೆ ಹಾಳಾಗುತ್ತದೆ ಎನ್ನುವವರು ತುರ್ತಾ ಕಾಲುವೆಯ ದಂಡೆ ಮೇಲೆ ಒಮ್ಮೆ ನಡೆದು ನೋಡಲಿ. ಅದೂ ವಿಜಯನಗರ ಕಾಲದ್ದೇ. ಇವತ್ತಿಗೂ ಅದರಲ್ಲಿ ತುಂಗಭದ್ರೆಯ ನೀರು ಹರಿಯುತ್ತದೆ, ಬಾಳೆ ಬೆಳೆಯುತ್ತದೆ, ಭತ್ತ ಬೆಳೆಯುತ್ತದೆ. ಹೂಳು ತುಂಬಿದರೆ ಮೊದಲು ಗೊತ್ತಾಗುವುದು ರೈತನಿಗೆ, ಏಕೆಂದರೆ ಅವನ ಗದ್ದೆ ಒಣಗುತ್ತದೆ. ಸಾಲುಮಂಟಪದ ಕಂಬ ವಾಲಿದರೆ ಯಾರ ಹೊಟ್ಟೆ ಉರಿಯಬೇಕು? ಅದರ ಕೆಳಗೆ ಮಲಗುತ್ತಿದ್ದವನನ್ನು ನೀವೇ ಕಳಿಸಿಬಿಟ್ಟಿದ್ದೀರಿ.

ಕಳೆದ ಬೇಸಿಗೆಯಲ್ಲಿ ಎದುರು ಬಸವಣ್ಣನ ಬಳಿ ಗದಗ ಕಡೆಯ ಕುಟುಂಬವೊಂದು ಸಿಕ್ಕಿತು. ಜೊತೆಗಿದ್ದ ಅಜ್ಜಿ ಬಿಸಿಲಿಗೆ ಸೆರಗನ್ನು ತಲೆಗೆ ಎಳೆದುಕೊಂಡು, 'ಇಲ್ಲೊಬ್ಬಾಕಿ ಬಿಸಿ ರೊಟ್ಟಿ ಬಡಿದು ಹಾಕ್ತಿದ್ಲಲ್ಲೋ ತಮ್ಮಾ, ಎಲ್ಲಿ ಹೋದ್ಲು?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಬಂದವರು ನೆಲದ ಸಂಸ್ಕೃತಿ ಸವಿಯಲಿ, ಊಟ ಸವಿಯಲಿ ಎಂದು ಜಾಹೀರಾತು ಹಾಕುವ ಸರ್ಕಾರ ಉತ್ತರ ಕೊಡಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಬಡವರ ಬಜೆಟ್ಟಿಗೆ ಬಡಿಸುತ್ತಿದ್ದ ಕೈಗಳನ್ನು ಎಬ್ಬಿಸಿದಿರಿ. ಕಮಲಾಪುರದ ಹೊರವಲಯದಲ್ಲಿ ವಿಜಯನಗರದ ಅರಮನೆಯಂತೆಯೇ ಕಟ್ಟಿದ ರೆಸಾರ್ಟು ಎದ್ದು ನಿಂತಿದೆ. ಕಲ್ಲಿನ ಮಂಟಪದಲ್ಲಿ ಬಡವ ಬದುಕಿದರೆ ಪರಂಪರೆಗೆ ಧಕ್ಕೆ, ಅದೇ ಮಂಟಪವನ್ನು ನಕಲು ಮಾಡಿ ಶ್ರೀಮಂತನಿಗೆ ಹಾಸಿಗೆ ಹಾಸಿದರೆ ಪ್ರವಾಸೋದ್ಯಮ. ಈ ಅನ್ಯಾಯವನ್ನು ಒಪ್ಪಿಕೊಳ್ಳಲು ನನ್ನಿಂದಾಗದು.

ಇನ್ನೊಂದು ಮಾತು ಹೇಳದಿದ್ದರೆ ಹೊಟ್ಟೆಯ ಸಂಕಟ ತೀರುವುದಿಲ್ಲ. ಬಜಾರು ಕೆಡವಿದ ಅದೇ ವಾರ, 2011ರ ಜುಲೈ 27ರಂದು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದ್ದರು. ನಾಲ್ಕೇ ದಿನದಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಸಂಡೂರು, ಹೊಸಪೇಟೆಯ ಗುಡ್ಡಗಳನ್ನೇ ಬಗೆದು ಲಾರಿಗಟ್ಟಲೆ ಅದಿರು ಸಾಗಿಸುತ್ತಿದ್ದಾಗ ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡಿದ್ದ ಆಡಳಿತಕ್ಕೆ, ಬಳೆ ಮಾರುವ ಹೆಂಗಸಿನ ತಗಡಿನ ಚಪ್ಪರ ಮಾತ್ರ ತಕ್ಷಣ ಕಂಡಿತು. ಬಳ್ಳಾರಿ ಸೀಮೆಯಲ್ಲಿ ಕಾನೂನಿನ ಬುಲ್ಡೋಜರು ಯಾವತ್ತೂ ಇಳಿಜಾರಿನ ಕಡೆಗೇ ಉರುಳುತ್ತದೆ.

2020ರಲ್ಲಿ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನೂ ಕೆಡವಿದರು. ಅಲ್ಲಿ ಅಕ್ರಮವಿತ್ತು, ಇರಲಿ. ಆದರೆ ಪ್ರವಾಸಿಗರೇನು ಬರುವುದನ್ನು ನಿಲ್ಲಿಸಿದರೇ? ಅವರು ಸಾಣಾಪುರ, ಆನೆಗೊಂದಿಯ ಕಡೆ ಸರಿದರು, ವಸತಿಗೃಹಗಳೂ ಅವರ ಹಿಂದೆಯೇ ಹೋದವು. ಒಂದು ಕಡೆ ಕೆಡವಿದರೆ ಇನ್ನೊಂದು ಕಡೆ ಏಳುತ್ತದೆ ಎಂಬುದು ಗೊತ್ತಿದ್ದೂ, ಕೆಡವುವುದನ್ನೇ ನಿರ್ವಹಣೆ ಎಂದುಕೊಂಡಿದೆ ನಮ್ಮ ವ್ಯವಸ್ಥೆ.

ಮಂಟಪಗಳಲ್ಲಿ ಒಲೆ ಹೂಡುವುದು ಬೇಡ, ಇಟ್ಟಿಗೆಯ ಗೋಡೆ ಎಬ್ಬಿಸುವುದೂ ಬೇಡ. ಗಟ್ಟಿಯಿರುವ ಮಂಟಪಗಳ ನೆರಳಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೂವು, ಹಣ್ಣು, ಬಳೆ, ಬಾಳೆನಾರಿನ ಚೀಲ, ಮನೆಯಿಂದ ಮಾಡಿ ತಂದ ರೊಟ್ಟಿ-ಚಟ್ನಿ ಮಾರಲು ಬಿಡಿ. ಬಾಡಿಗೆ ತೆಗೆದುಕೊಳ್ಳಿ, ಆ ದುಡ್ಡಿನಲ್ಲೇ ಕಂಬ ರಿಪೇರಿ ಮಾಡಿಸಿ. ಟೆಂಡರ್ ಕರೆದು ಹೊರಗಿನ ಗುತ್ತಿಗೆದಾರನಿಗೆ ಒಪ್ಪಿಸುವ ಆಟ ಮಾತ್ರ ಬೇಡ. ಮೊದಲ ಹಕ್ಕು 2011ರಲ್ಲಿ ಎಬ್ಬಿಸಿದ ಕುಟುಂಬಗಳದು. ನಿವೇಶನ ಹಂಚುವಾಗ ಮಾಡಿದ ಹೆಸರುಗಳ ಪಟ್ಟಿ ಸರ್ಕಾರದ ಕಡತದಲ್ಲಿ ಇರಲೇಬೇಕು, ಅದನ್ನು ಹೊರಗೆ ತೆಗೆಯಿರಿ.