ಗಾಡಿಯ ಜಾತಕ

ಮೋಟಾರು ಗಾಡಿ ಕೊಳ್ಳುವವರು ಈಗೀಗ ಗಾಡಿಯನ್ನು ಕಣ್ಣಾರೆ ನೋಡುವ ಮೊದಲೇ ಅದರ ಜಾತಕವನ್ನು ಬಿಡಿಸಿಕೊಂಡು ಕೂರುತ್ತಾರೆ. ಅಮೆರಿಕದಲ್ಲಿ ಈ ಜಾತಕ ಬರೆಯುವುದೇ ಒಂದು ದೊಡ್ಡ ವೃತ್ತಿ. 1936ರಲ್ಲಿ ಹುಟ್ಟಿದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ತನ್ನ ಸದಸ್ಯರನ್ನೇ ಕೇಳಿ, ಯಾವ ಕಾರಿನ ಯಾವ ಭಾಗ ಕೆಟ್ಟಿತೆಂದು ಲೆಕ್ಕ ಹಾಕುತ್ತದೆ. ಜೆ. ಡಿ. ಪವರ್ ಸಂಸ್ಥೆ ಮೂರು ವರ್ಷ ಓಡಿದ ಕಾರುಗಳ ಒಡೆಯರನ್ನು ವಿಚಾರಿಸಿ, ನೂರು ಕಾರಿಗೆ ಇಷ್ಟು ತೊಂದರೆ ಎಂದು ಅಂಕಿ ಕೊಡುತ್ತದೆ. ಜರ್ಮನಿಯ ಮೋಟಾರು ಸಂಘವಾದ ಅಡಾಕ್, ದಾರಿಯಲ್ಲಿ ನಿಂತುಹೋದ ಗಾಡಿಗಳನ್ನು ಎಣಿಸುತ್ತದೆ. ಹಾಗೆ ನಿಲ್ಲುವುದಕ್ಕೆ ಬ್ಯಾಟರಿಯೇ ಎಲ್ಲಕ್ಕಿಂತ ಹೆಚ್ಚಿನ ಕಾರಣವೆಂಬುದೂ ಅದರ ಲೆಕ್ಕದಿಂದಲೇ ತಿಳಿಯುತ್ತದೆ.

ಇವೆಲ್ಲವೂ ಪ್ರಾಮಾಣಿಕವಾದ ಕೆಲಸಗಳೇ. ಆದರೆ ಒಂದೊಂದೂ ಬೇರೆ ಬೇರೆ ವಸ್ತುವನ್ನು ಅಳೆಯುತ್ತದೆ. ನಾವು ಎಲ್ಲವನ್ನೂ ‘ನಂಬಿಕೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಗಾಡಿಯ ಪರದೆ ಜೇಬಿನ ಫೋನಿನೊಡನೆ ಮುನಿಸಿಕೊಂಡರೂ ಪವರ್ ಸಂಸ್ಥೆಯ ಎಣಿಕೆಯಲ್ಲಿ ಅದೊಂದು ತೊಂದರೆ. ಗೇರುಪೆಟ್ಟಿಗೆ ಒಡೆದರೂ ಒಂದೇ ತೊಂದರೆ. ನೆಗಡಿಯನ್ನೂ ಕ್ಷಯವನ್ನೂ ಒಂದೇ ಅಂಕಣದಲ್ಲಿ ಬರೆದಿಟ್ಟ ವೈದ್ಯನ ಪುಸ್ತಕದಂತೆ ಇದು.

ಮಿಚಿಗನ್ನಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ಈಚೆಗೆ ಇಂಥ ಕೋಷ್ಟಕಗಳನ್ನೆಲ್ಲ ಕೂಡಿಸಿ ನನಗೆ ಕಳುಹಿಸಿದ. ಅವನಿಗೆ ಬೇಕಾದದ್ದು ಕೂಪೆ, ಅಂದರೆ ಎರಡು ಬಾಗಿಲಿನ ಚುರುಕಾದ ಕಾರು, ಗೇರನ್ನು ತನ್ನ ಕೈಯಿಂದಲೇ ಹಾಕುವಂಥದು, ಹಳೆಯದಾದರೂ ಸರಿ. “ಮಾವ, ಕೋಷ್ಟಕದಲ್ಲಿ ಯಾವುದು ಮೇಲಿದೆಯೋ ಅದನ್ನೇ ಕೊಳ್ಳಲೆ?” ಎಂಬುದು ಅವನ ಪ್ರಶ್ನೆ. ಅವನಿಗೆ ಎರಡನೆಯ ಗಾಡಿಯಿಲ್ಲ. ಇರುವ ಊರಿನಲ್ಲಿ ಬಸ್ಸೆಂಬುದು ಹೆಸರಿಗೆ ಮಾತ್ರ. ಹಿಮ ಬೀಳುವ ಜನವರಿಯಲ್ಲಿ ಕಾರು ನಿಂತರೆ ಸಂಬಳವೂ ನಿಂತಂತೆಯೇ. ಕೂಡಿಟ್ಟ ಹಣವೆಲ್ಲ ಇದೊಂದರಲ್ಲಿ ಹೋಗುವುದು.

ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಕೈಗೇರಿನವು ನೂರಕ್ಕೆ ಎರಡು ಮೂರನ್ನೂ ಮೀರುವುದಿಲ್ಲ. ಹೋಂಡಾದವರು ಸಿವಿಕ್ ಕೂಪೆಯನ್ನು 2020ಕ್ಕೆ ನಿಲ್ಲಿಸಿದರು. 2025ರಲ್ಲಿ ಮರಳಿ ಬಂದ ಪ್ರಿಲ್ಯೂಡಿಗೆ ಕ್ಲಚ್ಚಿನ ಪೆಡಲೇ ಇಲ್ಲ. ಹೀಗಿರುವಾಗ ಕೋಷ್ಟಕದ ಅಂಕಿಯಲ್ಲಿ ಕೈಗೇರಿನವರ ಪಾಲು ಎಷ್ಟು? ಒಂದೇ ಹೆಸರಿನ ಕಾರು ಎರಡು ಬಗೆಯ ಗೇರಿನಲ್ಲಿ ಬಂದಾಗ, ಅಂಕಿ ಬಹುಮಟ್ಟಿಗೆ ತಾನೇ ಗೇರು ಬದಲಿಸುವ ಗಾಡಿಯದೇ ಆಗಿರಬಹುದು.

ಇನ್ನೂ ಒಂದು ಮಾತುಂಟು. ತಾನೇ ಗೇರು ಬದಲಿಸುವ ಗಾಡಿಯನ್ನು ಅದರೊಳಗಿನ ಗಣಕವೇ ಒಡೆಯನಿಂದ ಕಾಪಾಡುತ್ತದೆ. ಕೈಗೇರಿನ ಗಾಡಿಗೆ ಆ ಭಾಗ್ಯವಿಲ್ಲ. ಎಂಜಿನ್ನು ಮಿತಿಮೀರಿ ತಿರುಗದಂತೆ ತಡೆಯುವ ಏರ್ಪಾಡು ಪೆಟ್ರೋಲನ್ನು ನಿಲ್ಲಿಸಬಲ್ಲುದೇ ಹೊರತು ಚಕ್ರಗಳನ್ನು ನಿಲ್ಲಿಸಲಾರದು. ಭರದಲ್ಲಿ ಹೋಗುವಾಗ ನಾಲ್ಕರಿಂದ ಐದಕ್ಕೆ ಹಾಕಹೋಗಿ ಕೈತಪ್ಪಿ ಮೂರಕ್ಕೆ ಹಾಕಿದರೆ, ಉರುಳುವ ಚಕ್ರಗಳೇ ಎಂಜಿನ್ನನ್ನು ಹಿಡಿದು ತಿರುಗಿಸುತ್ತವೆ, ಕವಾಟಗಳು ಬಾಗುತ್ತವೆ. ಇದು ಕಾರ್ಖಾನೆಯ ತಪ್ಪಲ್ಲ. ಆದುದರಿಂದ ಇಂಥ ಗಾಡಿಯಲ್ಲಿ ಹಿಂದಿನ ಒಡೆಯನ ಎಡಗಾಲು, ಬಲಗೈಗಳೂ ಯಂತ್ರದ ಭಾಗಗಳೇ. ಅವು ಯಾವ ಕೋಷ್ಟಕದಲ್ಲಿಯೂ ಇರುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಅವನ ಪಟ್ಟಿಯಲ್ಲಿ ಕೊನೆಗೆ ಉಳಿದವು ಟರ್ಬೊ ಇರುವ ನಾಲ್ಕು ಸಿಲಿಂಡರಿನ ಫೋರ್ಡ್ ಮಸ್ಟಾಂಗ್ ಮತ್ತು ಟೊಯೊಟಾ ಜಿಆರ್ 86. ನನ್ನ ಒಲವು ಎರಡನೆಯದರ ಕಡೆಗೆ. ಹೆಸರು ಟೊಯೊಟಾದ್ದಾದರೂ ಅದು ತಯಾರಾಗುವುದು ಜಪಾನಿನ ಗುನ್ಮಾ ಪ್ರಾಂತದ ಸುಬಾರು ಕಾರ್ಖಾನೆಯಲ್ಲಿ. 2.4 ಲೀಟರಿನ ಎಂಜಿನ್ನಿಗೆ ಟರ್ಬೊ ಇಲ್ಲ. ಗಾಡಿಯ ತೂಕ 1,300 ಕಿಲೋಗ್ರಾಮನ್ನು ಮುಟ್ಟುವುದಿಲ್ಲ. ಕೆಡಬಹುದಾದ ವಸ್ತು ಕಡಿಮೆ, ಹೊರಬೇಕಾದ ಭಾರವೂ ಕಡಿಮೆ. ಇದರ ಕುಲವೇನೂ ಕಳಂಕವಿಲ್ಲದ್ದಲ್ಲ. 2012ರಲ್ಲಿ ಹೊರಬಂದ ಮೊದಲ ಪೀಳಿಗೆಯ ಕಾರುಗಳಲ್ಲಿ ಕೆಲವನ್ನು, ಕವಾಟದ ಸ್ಪ್ರಿಂಗು ಮುರಿಯಬಹುದೆಂದು, 2018ರಲ್ಲಿ ಹಿಂದಕ್ಕೆ ಕರೆಸಿ ಎಂಜಿನ್ನನ್ನೇ ಬಿಚ್ಚಬೇಕಾಯಿತು. ಆದರೂ ಹೀಗೆ ಬಯಲಾದ ದೋಷವನ್ನು ನಾನು ಅಷ್ಟಾಗಿ ಅಂಜುವುದಿಲ್ಲ. ಅದನ್ನು ಹುಡುಕಿ ಕೇಳಬಹುದು, ರಿಪೇರಿಯಾದ ಕಾಗದವನ್ನು ನೋಡಬಹುದು.

ಹುಡುಗನಿಗೆ ಬರೆದದ್ದು ಇಷ್ಟು: ಎಂಜಿನ್ನು ತಣ್ಣಗಿರುವಾಗಲೇ ಹೋಗಿ ನೋಡು, ಮೊದಲೇ ಬಿಸಿಮಾಡಿಟ್ಟಿದ್ದರೆ ಏಕೆಂದು ಕೇಳು. ಎರಡರಿಂದ ಮೂರಕ್ಕೆ ಗೇರು ಹಾಕುವಾಗ ಕರಕರ ಸದ್ದು ಬರುತ್ತದೆಯೇ ಎಂದು ಕಿವಿಗೊಡು. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಪೆಡಲನ್ನು ಪೂರ್ತಿ ಒತ್ತು. ವೇಗ ಏರದೆ ಎಂಜಿನ್ನು ಮಾತ್ರ ಕೂಗಿದರೆ ಕ್ಲಚ್ಚು ಸವೆದಿದೆ, ಅದರ ಖರ್ಚನ್ನು ಬೆಲೆಯಲ್ಲಿ ಕಳೆ. ಹಿಮಕ್ಕೆಂದು ಬೇರೆ ನಾಲ್ಕು ಟೈರುಗಳಿಗೆ ಹಣ ಎತ್ತಿಡು, ಇದು ಹಿಂದಿನ ಚಕ್ರಗಳಿಂದ ನಡೆಯುವ ಗಾಡಿ. ಎಣ್ಣೆ ಬದಲಿಸಿದ ರಸೀತಿಗಳನ್ನು ಮಾರುವವನು ತೋರಿಸಲಾರದೆ ಹೋದರೆ, ಬೆಲೆ ಎಷ್ಟೇ ಇಳಿಸಲಿ, ಅವನು ಕೊಟ್ಟ ಕಾಫಿ ಕುಡಿದು ಎದ್ದು ಬಾ.