ವಾದಿಸದವರಿಗೆ ಆಜೀವ ಪೀಠ

ಅಮೆರಿಕನ್ ಬಾರ್ ಅಸೋಸಿಯೇಷನ್ ಎಡಪಂಥೀಯರ ಕೂಟವಂತೆ! ಹಾಗಾಗಿ ಫೆಡರಲ್ ನ್ಯಾಯಾಧೀಶರಾಗಲು ಹೊರಟವರ ಅರ್ಹತೆಯನ್ನು ಅದು ಅಳೆಯಕೂಡದಂತೆ. 2025ರ ಮೇ ತಿಂಗಳಲ್ಲಿ ಅಟಾರ್ನಿ ಜನರಲ್ ಪಾಮ್ ಬಾಂಡಿ ಪತ್ರ ಬರೆದು, ನಮ್ಮ ಅಭ್ಯರ್ಥಿಗಳು ನಿಮ್ಮ ಪ್ರಶ್ನಾವಳಿಗೆ ಉತ್ತರಿಸುವುದಿಲ್ಲ, ಸಂದರ್ಶನಕ್ಕೂ ಕೂರುವುದಿಲ್ಲ ಎಂದುಬಿಟ್ಟರು. ತಕ್ಕಡಿಯನ್ನೇ ಬೀದಿಗೆಸೆದ ಅಂಗಡಿಯವನ ಸರಕು ಎಷ್ಟು ತೂಗೀತೆಂದು ಬಿಡಿಸಿ ಹೇಳಬೇಕೆ?

ಆ ತಕ್ಕಡಿ ಇನ್ನೂ ಇದ್ದಾಗ ಟ್ರಂಪ್ ಹೆಸರಿಸಿದ ಕ್ಯಾಥರಿನ್ ಕಿಂಬಲ್ ಮಿಜೆಲ್ ಅವರನ್ನೇ ನೋಡಿ. 2020ರ ನವೆಂಬರ್ 18ರಂದು, ಟ್ರಂಪ್ ಚುನಾವಣೆಯಲ್ಲಿ ಸೋತ ಮೇಲೆ, ಸೆನೆಟ್ 49–41 ಮತಗಳಿಂದ ಆಕೆಯನ್ನು ಫ್ಲೋರಿಡಾದ ಫೆಡರಲ್ ವಿಚಾರಣಾ ನ್ಯಾಯಾಲಯದಲ್ಲಿ ಕೂರಿಸಿತು. ವಯಸ್ಸು 33. ವಕೀಲಿಕೆಯ ಸನ್ನದು ಸಿಕ್ಕು ಎಂಟು ವರ್ಷ. ಬಾರ್ ಸಾಮಾನ್ಯವಾಗಿ ಬಯಸುವುದು 12. ನಾಲ್ಕು ವರ್ಷ ಮಾಫಿ ಮಾಡೋಣ ಬಿಡಿ. ಆ ಎಂಟರಲ್ಲಿ ಆಕೆ ಮುಖ್ಯ ವಕೀಲೆಯಾಗಿ ನಡೆಸಿದ ವಿಚಾರಣೆಗಳೆಷ್ಟು? ಸಿವಿಲ್, ಸೊನ್ನೆ. ಕ್ರಿಮಿನಲ್, ಸೊನ್ನೆ. ಬಾರ್ ಕೊಟ್ಟ ಷರಾ: ಅರ್ಹರಲ್ಲ. ಆದರೇನು, ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ಲಾ ಕ್ಲರ್ಕ್ ಆಗಿದ್ದರಲ್ಲ! ಅಷ್ಟು ಸಾಕಾಯಿತು.

ಪ್ರತಿಭೆಗೆ ವಯಸ್ಸಿನ ಹಂಗೇಕೆ ಎಂದು ಸಮರ್ಥಕರ ಉಪದೇಶ. ಪಾಟೀಸವಾಲಿನ ನಡುವೆ ಎದ್ದ ತಕರಾರಿಗೆ ನಿಂತ ನಿಲುವಿನಲ್ಲೇ ತೀರ್ಪು ಕೊಡುವುದು, ಜ್ಯೂರಿಯ ಕಿವಿಗೆ ಯಾವ ಮಾತು ಬೀಳಬಾರದೆಂದು ತಿಳಿಯುವುದು ಯಾವ ಗೈಡಿನಲ್ಲಿ ಬರೆದಿದೆ? 2017ರಲ್ಲಿ ಮ್ಯಾಥ್ಯೂ ಪೀಟರ್ಸನ್ ಎಂಬ ಅಭ್ಯರ್ಥಿ ಒಂದೂ ವಿಚಾರಣೆ ನಡೆಸಿಲ್ಲವೆಂದು ಒಪ್ಪಿಕೊಂಡದ್ದು ರಿಪಬ್ಲಿಕನ್ ಸೆನೆಟರ್ ಜಾನ್ ಕೆನಡಿ ಅವರ ಪ್ರಶ್ನೆಗಳ ಮುಂದೆಯೇ. ವಿಡಿಯೋ ನೋಡಿ ಜಗತ್ತೇ ನಕ್ಕಿತು, ಆತ ಹಿಂದೆ ಸರಿದರು. ಅದರಿಂದ ಕಲಿತ ಪಾಠ? ಪ್ರಶ್ನೆ ಕೇಳುವವರನ್ನೇ ಹೊರಗಿಡುವುದು.

ನಿಜ ಹೇಳಬೇಕೆಂದರೆ, ಇಲ್ಲಿ 33 ಎಂಬುದೇ ಅರ್ಹತೆ. ಹುದ್ದೆ ಆಜೀವ, 80ರ ತನಕ ಕೂತರೆ 47 ವರ್ಷ. ನೇಮಿಸಿದ ಅಧ್ಯಕ್ಷನ ಅವಧಿ ನಾಲ್ಕೇ ವರ್ಷ. 2022ರ ಏಪ್ರಿಲ್‌ನಲ್ಲಿ ವಿಮಾನ, ರೈಲು, ಬಸ್ಸುಗಳಲ್ಲಿ ಮಾಸ್ಕ್ ಕಡ್ಡಾಯವೆಂಬ ನಿಯಮವನ್ನು ದೇಶಕ್ಕೆ ದೇಶವೇ ಕಳಚಿದ್ದು ಇದೇ ಮಿಜೆಲ್ ಅವರ ಒಂದು ಆದೇಶದಿಂದ. ಹೂಡಿಕೆಗೆ ಲಾಭ ಬಂತು.

ನಮ್ಮ ಸುಪ್ರೀಂ ಕೋರ್ಟ್ 2025ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಲು ಕನಿಷ್ಠ 35 ವರ್ಷವಾಗಿರಬೇಕೆಂದಿತು. ಮಿಜೆಲ್ ಧಾರವಾಡದಲ್ಲಿದ್ದಿದ್ದರೆ ಅರ್ಜಿಯನ್ನೂ ಹಾಕುವಂತಿರಲಿಲ್ಲ. ಹಾಗೆಂದು ನಾವು ಮೀಸೆ ತಿರುವುವುದೂ ಬೇಡ. ಹೈಕೋರ್ಟಿಗೆ ಹೆಸರು ಹೋಗುವಾಗ ಯಾರ ಮಗ, ಯಾರ ಅಳಿಯ, ಯಾವ ಸೀನಿಯರ್ ಆಫೀಸಿನವನು ಎಂಬ ಪಿಸುಮಾತು ಬಾರ್ ರೂಮುಗಳಲ್ಲಿ ಏಳುವುದು ಸುಮ್ಮನೆಯೇ? ಹಳ್ಳಿಯಿಂದ ಬಂದು ತಾಲೂಕು ಕೋರ್ಟಿನಲ್ಲಿ ಇಪ್ಪತ್ತು ವರ್ಷ ಸವೆದವನ ಹೆಸರು ಮಾತ್ರ ಎಲ್ಲೂ ಕೇಳಿಬರುವುದಿಲ್ಲ.

ಅಮೆರಿಕದ ಸಂವಿಧಾನ ಫೆಡರಲ್ ನ್ಯಾಯಾಧೀಶರಿಗೆ ವಯಸ್ಸನ್ನೂ ಕೇಳುವುದಿಲ್ಲ, ಕಾನೂನು ಪದವಿಯನ್ನೂ ಕೇಳುವುದಿಲ್ಲ. ಕೇಳಬೇಕಾದ್ದು ಸೆನೆಟ್. ಆ ಕೆಲಸ ಮಾಡಲಾರದೆ ಕೈಯೆತ್ತಿ ಕೂತ 49 ಮಂದಿಯೇ ಇಲ್ಲಿ ಮೊದಲ ಆರೋಪಿಗಳು.